ಮೂರು ತಿಂಗಳ ಫೀ

ಮಗಳು ಒಂದೇ ತಿಂಗಳಿಗೆ ಬಿಟ್ಟಳು.
ಎಸ್ಸೆಸ್ಸೆಲ್ಸಿ, ಗಣಿತ, ಟ್ಯೂಷನ್ನು, ಆಕಿ ಕಾರಣ ಆಕಿಗೆ.
ಫೀ ಮಾತ್ರ ಮೂರು ತಿಂಗಳದ್ದು ಕಟ್ಟಿದ್ದೆ.
ವಾಪಸ್ ಕೇಳಾಕ ಹೋದರ
ತುಳಜಾ ಮೆಹರವಾಡೆ, ಹತ್ತೊಂಬತ್ತರ ಹುಡುಗಿ, ಅಲ್ಲಿ ಎಲ್ಲಾರಿಗೂ ಮೇಡಮ್ಮು,
ನನ್ನ ಮಾರಿ ನೋಡಲಿಲ್ಲ, ಪಾದ ನೋಡಿದಳು:
"ದಾನಪ್ಪ ಕಾಕಾ, ನಿಮ್ಮದು ಒಂಬತ್ತು ನಂಬರಲ್ಲ? ಅದಾವ ನಮ್ಮಲ್ಲೆ."

ಐವತ್ತೆರಡರ ವಯಸ್ಸಿಗೆ ಕಾಲಿಗೆ ಎಂಟು ಗಾಲಿ.
ಕೇಶ್ವಾಪುರದ ಸಾಲಿ ಹಿಂದಿನ ಸಿಮೆಂಟ ಅಂಗಳ,
ಮುಂಜಾನೆ ಆರು, ಮಬ್ಬು ಇನ್ನೂ ಹರದಿಲ್ಲ.
ಐದಾರು ವರ್ಷದ ಕೂಸುಗಳು ನನ್ನ ಸುತ್ತ
ಗುಂಗಾಡಿ ಹಂಗ ತಿರಗತಾವ.

ಮೊದಲ ಪಾಠ ನಿಲ್ಲೂದಲ್ಲ, ಬೀಳೂದು.
"ಹಿಂದಕ ಬೀಳಬ್ಯಾಡ್ರಿ. ಕುಂತಂಗ ಆಗ್ರಿ, ಬಾಜೂಕ ಹೊಳ್ಳರಿ,
ಮುಷ್ಟಿ ಕಟ್ಟರಿ, ಬಳ್ಳು ಉಳೀತಾವ."
ಬಿದ್ದೆ. ಮತ್ತ ಬಿದ್ದೆ.
ಏಳೂದಕ್ಕೂ ಒಂದು ಪದ್ಧತಿ ಐತಿ:
ಒಂದು ಮಣಕಾಲು ಊರಿ, ಎರಡೂ ಕೈ ಇನ್ನೊಂದರ ಮ್ಯಾಲಿಟ್ಟು,
ಚರ್ಚಿನ್ಯಾಗ ನಮ್ಮವ್ವ ಪ್ರಾರ್ಥನಿ ಮುಗಿಸಿ ಏಳತಿದ್ದಳಲ್ಲ, ಹಂಗ.

ಗಾಲಿ ನನಗೇನು ಹೊಸವಲ್ಲ.
ಮೂವತ್ತು ವರ್ಷ ಗದಗ ರಸ್ತೆಯ ರೈಲ್ವೆ ವರ್ಕಶಾಪಿನ್ಯಾಗ
ಗಾಲಿ ಕಡಿಯೂದೇ ಉದ್ಯೋಗ.
ಲೇಥಿನ ಮುಂದ ಬಗ್ಗಿ ಬಗ್ಗಿ
ಬೆನ್ನು ತಾನೇ ಒಂದು ಕಮಾನಾಗೇತಿ.
ಕಣ್ಣು ಕೆಲಸದ ಮ್ಯಾಲಿರಲಿ ಅಂತ ಮೇಸ್ತ್ರಿ ಬೈದದ್ದು
ಇನ್ನೂ ಕುತ್ತಿಗ್ಯಾಗ ಕುಂತೈತಿ.
ಈಕಿ ಅಂತಾಳ: "ನೆಲಾ ಎಲ್ಲೂ ಓಡಿ ಹೋಗೂದಿಲ್ಲ ಕಾಕಾ,
ಮ್ಯಾಲ ನೋಡ್ರಿ. ತಲಿ ಹೋದಲ್ಲೆ ಮೈ ಹೋಗತೈತಿ."
ಮ್ಯಾಲ ಅಂದ್ರ ಎಲ್ಲಿ?
ಬೇವಿನ ಗಿಡದಾಗ ಸಿಕ್ಕೊಂಡ ಒಂದು ಹರಕ ಗಾಳಿಪಟ.
ಅದನ್ನ ಕಣ್ಣಿಲೆ ಹಿಡಕೊಂಡೆ.

"ಮಣಕಾಲು ಬಗ್ಗಿಸ್ರಿ." ಬಗ್ಗಿಸಿದೆ.
"ಅದು ಸೊಂಟ. ಮಣಕಾಲು."
"ಹೆಗಲು ಕೆಳಗ ಬಿಡ್ರಿ, ಕಿವಿಗೆ ಯಾಕ ಏರಸೀರಿ?"
"ಎರಡೂ ಕೈ ಮುಂದ, ಹೊಕ್ಕಳದ ಮಟ್ಟಕ್ಕ.
ಕೈಯಾಗ ಗಿರಮಿಟ್ಟಿನ ಪ್ಲೇಟು ಅದಾವಂತ ತಿಳೀರಿ, ಚೆಲ್ಲಬಾರದು."
ಚೆಲ್ಲಿದೆ. ಚುರಮರಿ, ಉಳ್ಳಾಗಡ್ಡಿ, ಆಕಿ ಹೇಳದ ಮಿರ್ಚಿ ಸೈತ
ಇಡೀ ಅಂಗಳದ ತುಂಬ ಚೆಲ್ಲಿದೆ.

ಎರಡನೇ ವಾರ ಬಿಗಿಯಾದೆ.
ಬೀಳಬಾರದಂತ ಮೈಯ ನಟ್ಟು ಬೋಲ್ಟೆಲ್ಲಾ ತಿರುವಿ
ಕಂಬದಂಗ ನಿಂತೆ, ಕಂಬದಂಗ ಬಿದ್ದೆ.
ತುಳಜಾ ನಗಲಿಲ್ಲ. ಬಾಜೂಕ ಕುಂತು ಕೇಳಿದಳು:
"ರೈಲಿನ ಗಾಲಿ ಹಳಿ ಬಿಟ್ಟು ಯಾಕ ಇಳಿಯೂದಿಲ್ಲ ಕಾಕಾ?"
ಇದು ನನ್ನ ಪ್ರಶ್ನೆ. ಹೊಸ ಹುಡುಗರಿಗೆ ನಾನೇ ಕೇಳೂದು.
ಹೇಳಿದೆ: ಗಾಲಿ ಪೂರಾ ಸಪಾಟ ಇರೂದಿಲ್ಲವ್ವಾ,
ಚೂರು ಓರೆ ಕಡದಿರತೇವಿ.
ಎಡಕ್ಕ ಸರದರ ಎಡದ್ದು ದಪ್ಪನ ಕಡೆಯಿಂದ ಉಳ್ಳತೈತಿ,
ಬಲಕ್ಕ ಹೊಳ್ಳಸತೈತಿ.
ಬಲಕ್ಕ ಸರದರ ಎಡಕ್ಕ.
ಒಲಕೋತ ಒಲಕೋತನ ನಡುವು ಹುಡುಕತೈತಿ...
ಹೇಳತಾ ಹೇಳತಾ ಸುಮ್ಮನಾದೆ.
ಆಕಿ ಎದ್ದು ಹೋಗಿ ಯಾವುದೋ ಕೂಸಿನ ಲೇಸು ಕಟ್ಟಾಕತ್ತಿದ್ದಳು.

ಸೀಮೆಸುಣ್ಣದ ಗೆರಿ ಮ್ಯಾಲ ಎಡಗಾಲು.
ಬಲಗಾಲು ಎತ್ತಿ ಹಿಂದ, ಗೇಣಲ್ಲ, ನಾಕು ಬಟ್ಟಷ್ಟ.
ಮೂಗು, ಮಣಕಾಲು, ಕಾಲಬೆರಳು
ಗೌಂಡಿ ಇಳಿಬಿಟ್ಟ ತೂಗುಗುಂಡಿನ ಒಂದೇ ದಾರದಾಗ.
ಗಾಳಿಪಟ. ಗಿರಮಿಟ್ಟು.
ಒಂದು.
ಎರಡು.
ಮೂರು ಪೂರಾ ಆಗಲಿಲ್ಲ.
ಆದರ ಎರಡಕ್ಕೂ ಆಗದ ಮೂರಕ್ಕೂ ನಡುವ
ನನ್ನ ತೂಕ ನನ್ನೊಳಗ ಎಲ್ಲಿ ಕುಂತಿರತೈತಿ ಅನ್ನೂದು
ಮೊದಲ ಸರತಿ ಗೊತ್ತಾತು.
ಹೊಕ್ಕಳದ ಕೆಳಗ, ಬೆಚ್ಚಗ, ಮಲಗಿದ ಬೆಕ್ಕಿನಂಗ.

ಫೀದಾಗ ಇನ್ನ ಹನ್ನೊಂದು ದಿನ ಉಳದಾವ.
ರಾತ್ರಿ ಬಚ್ಚಲ ಬಾಗಲದಾಗ ಒಂದು ಕಾಲಮ್ಯಾಲ ನಿಂತು ಹಲ್ಲ ತಿಕ್ಕತೇನಿ.
ಬೆಳ್ಳಕ್ಕಿ ಆದಿ ನೀ, ಅಂತಾಳ ಏಸ್ತೇರಮ್ಮ.
ಮಗಳು ಗಣಿತದ ಪುಸ್ತಕದಿಂದ ತಲಿ ಎತ್ತದ
"ಮಣಕಾಲು, ಪಪ್ಪಾ" ಅಂತಾಳ.
ಬಗ್ಗಸತೇನಿ.